ಇರುವೆ ಡಾಕ್ಟ್ರು

"ಸೀಟು ನಿಂದೇ ಅಂತ ಎಷ್ಟು ಸಲ ಹೇಳ್ಬೇಕಮ್ಮಾ?" ಎಂದು ಪ್ರೊಫೆಸರರು ಕನ್ನಡಕ ಒರೆಸುತ್ತ ನಕ್ಕರು.

ಅವಳು ಇರುವೆಗಳಿಗೆ ಸಕ್ಕರೆ ನೀರು ಹಾಕುತ್ತಿದ್ದಳು. ಲ್ಯಾಬಿನ ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಡಬ್ಬಿಗಳು, ಒಂದೊಂದರಲ್ಲೂ ಒಂದೊಂದು ಸಂಸಾರ. ಎಂ.ಎಸ್ಸಿ. ಮುಗಿದಾಗಿನಿಂದ ಈ ಸಂಸಾರಗಳ ಊಟೋಪಚಾರವೆಲ್ಲ ಅವಳದೇ, ಭಾನುವಾರವೂ ಸೇರಿ. ಸಂಬಳವಿಲ್ಲ. ಹೇಗೂ ಪಿಎಚ್.ಡಿ.ಗೆ ಇಲ್ಲೇ ಸೇರುವವಳು, ಈಗಿನಿಂದಲೇ ಕೈ ಪಳಗಲಿ ಎಂದು ಪ್ರೊಫೆಸರರ ಅಪ್ಪಣೆ. ಮನೆಯಲ್ಲಿ ಅಕ್ಕ ಆಗಲೇ 'ಇರುವೆ ಡಾಕ್ಟ್ರು' ಎಂದು ರೇಗಿಸುತ್ತಿದ್ದಳು. ಡಾಕ್ಟ್ರಿಗೆ ಮಾತ್ರ ಇನ್ನೂ ಸೀಟಿನ ಪತ್ರ ಬಂದಿರಲಿಲ್ಲ. ಪತ್ರ ಕೊಡಬೇಕಾದ ಆಯ್ಕೆ ಸಮಿತಿ ಸೇರಿಯೇ ಇರಲಿಲ್ಲ.

ಪತ್ರ ಬಂದದ್ದು ಇನ್ನೊಂದು ಊರಿನ ವಿಶ್ವವಿದ್ಯಾಲಯದಿಂದ. ಸೀಲು, ಸಹಿ, ಶಿಷ್ಯವೇತನ ಎಲ್ಲವೂ ಇದ್ದವು. ಒಪ್ಪಿಗೆ ತಿಳಿಸಲು ನಾಳೆಯೇ ಕಡೆಯ ದಿನ. ಆದರೆ ಅವಳ ಮನಸ್ಸಿದ್ದದ್ದು ಇಲ್ಲಿ. ಈ ಪ್ರೊಫೆಸರರ ಒಂದು ಪಾಠ ಕೇಳಿಯೇ ಅವಳು ಇರುವೆಗಳ ಹಿಂದೆ ಬಿದ್ದವಳು.

"ನಂಬಿಕೆ ಇಲ್ಲ ಅಂತಲ್ಲ ಸರ್. ನಾಳೆ ಅವರಿಗೆ ಉತ್ತರ ಹೇಳ್ಬೇಕು. ಅಷ್ಟರೊಳಗೆ ಆಫೀಸಿಂದ ಒಂದು ಸಾಲು ಬರೆಸಿಕೊಟ್ರೆ..."

"ಸಮಿತಿ ಸೇರದೆ ಹೇಗೆ ಬರೆಸ್ಲಿ? ನನ್ನ ಮಾತು ಸಾಲ್ದಾ?"

"ಸಮಿತಿಯವರು ಬೇಡ ಅಂದ್ರೆ ಸರ್?"

"ಅಂದ್ರೆ ಮುಂದಿನ ವರ್ಷ ಇದ್ದೇ ಇದೆಯಲ್ಲ! ನೀನೆಲ್ಲಿ ಓಡಿಹೋಗ್ತೀಯಾ?" ಅವರು ಕನ್ನಡಕ ಹಾಕಿಕೊಂಡರು. "ಅಲ್ಲಿ ನಿಂಗೆ ಗೈಡ್ ಆಗ್ಬೇಕಾದ ಮೇಡಂ ನನ್ನ ಹಳೇ ಸ್ಟೂಡೆಂಟೇ. ಬೆಳಿಗ್ಗೆನೇ ಫೋನ್ ಮಾಡಿ ಹೇಳ್ಬಿಟ್ಟೆ, ನೀನು ಬರಲ್ಲ ಅಂತ. ನಿಂಗ್ಯಾಕೆ ಮುಜುಗರ, ಅಲ್ವಾ?"

ದೊಡ್ಡ ಉಪಕಾರ ಮಾಡಿದವರಂತೆ ಮುಖ ಅರಳಿಸಿಕೊಂಡು ನಿಂತಿದ್ದರು. ಗುರುಶಿಷ್ಯೆಯರು ಕ್ಷೇಮಸಮಾಚಾರದ ನಡುವೆ ಅವಳ ಮುಂದಿನ ಐದು ವರ್ಷಗಳನ್ನು ಇತ್ಯರ್ಥ ಮಾಡಿ ಮುಗಿಸಿದ್ದರು. ಅವಳನ್ನೊಂದು ಮಾತು ಕೇಳಬೇಕೆಂದು ಇಬ್ಬರಿಗೂ ತೋಚಿರಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದರೆ ಏನು ಬರುತ್ತದೋ ಎಂದು ಹೆದರಿ ಹೊರಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದಳು.

ಆ ಕಡೆ ಅಕ್ಕನ ಹೊಲಿಗೆ ಮಿಷನ್ನು ಗಕ್ಕನೆ ನಿಂತಿತು. "ನೀನೇನು ಅವರು ಸಾಕಿದ ಬೆಕ್ಕಾ, ಇದು ನಮ್ದು ಅಂತ ಪಕ್ಕದ ಮನೆಗೆ ಹೇಳೋಕೆ? ಮೊದ್ಲು ಆ ಮೇಡಂಗೆ ಫೋನ್ ಮಾಡು. ಆಮೇಲೆ ಅಳುವಿಯಂತೆ."

"ಅಳ್ತಿಲ್ಲ ಕಣೇ. ಮೈ ಉರೀತಿದೆ."

ಫೋನ್ ಇಟ್ಟು ಒಳಗೆ ಬಂದು, ಪ್ರೊಫೆಸರರ ಎದುರಿಗೇ ನಿಂತು ಆ ಮೇಡಂಗೆ ಫೋನ್ ಮಾಡಿದಳು.

"ಸರ್ ಹೇಳಿದ್ರಲ್ಲಮ್ಮ," ಎಂದರು ಮೇಡಂ. "ಇನ್ನೊಬ್ಬರಿಗೆ ಸೀಟು ಕೊಡೋಕೆ ಹೊರಟಿದ್ದೆ."

"ನನ್ನನ್ನ ಕೇಳದೆ ಹೇಳಿದ್ದಾರೆ ಮೇಡಂ. ನೀವೂ ನನ್ನನ್ನ ಕೇಳಲಿಲ್ಲ."

"ನಿಜ, ಕೇಳಬೇಕಿತ್ತು. ಈಗ ಕೇಳ್ತೀನಿ. ಬರ್ತೀಯಾ?"

ಅವಳು ಡಬ್ಬಿಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. "ಬರ್ತೀನಿ ಮೇಡಂ. ಒಪ್ಪಿಗೆ ಇವತ್ತೇ ಕಳಿಸ್ತೀನಿ."

ಪ್ರೊಫೆಸರರ ಮುಖ ಕೆಂಪಾಯಿತು. ನಿನ್ನ ಒಳ್ಳೆಯದಕ್ಕೇ ಮಾಡಿದ್ದು ಎಂದು ಏನೇನೋ ಹೇಳಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಹಾಗಾದ್ರೆ ಭಾನುವಾರ ಇವನ್ನೆಲ್ಲ ಯಾರು ನೋಡ್ಕೋತಾರೆ?"

ಇಷ್ಟು ದಿನದ ಮೇಲೆ ಅವರಿಗೆ ಕಂಡ ನಷ್ಟ ಅದೊಂದೇ!

"ಗೊತ್ತಿಲ್ಲ ಸರ್."

ಇನ್ನೂ ಒಂದು ಸಾಲು ಡಬ್ಬಿಗಳು ಬಾಕಿಯಿದ್ದವು. ಇರುವೆಗಳದೇನು ತಪ್ಪು? ಅವಳು ಸಕ್ಕರೆ ನೀರು ಎತ್ತಿಕೊಂಡಳು. ಅವಳು ತಿರುಗಿ ನೋಡಿಯಾಳೆಂದು ಪ್ರೊಫೆಸರರು ಬಾಗಿಲಲ್ಲೇ ನಿಂತಿದ್ದರು. ಅವಳು ಮುಂದಿನ ಡಬ್ಬಿಯ ಮುಚ್ಚಳ ತೆಗೆದಳು.