ಮೂರು ಸಲ ಹಿಂದಿನಿಂದ ಗುದ್ದಿಸಿಕೊಂಡ ಕಾರು

ವಿಮಾ ಕಂಪನಿಯ ಸರ್ವೇಯರನನ್ನು ಆಫೀಸಿನಲ್ಲಿ ಎಲ್ಲರೂ ‘ಕೆದಕೋ ಕೋಳಿ’ ಎಂದೇ ಕರೆಯುತ್ತಿದ್ದರು. ಬೇರೆಯವರು ಜಜ್ಜಿದ ಕಾರಿನ ನಾಲ್ಕು ಫೋಟೋ ಹೊಡೆದು ಊಟಕ್ಕೆ ಹೊರಡುವ ಹೊತ್ತಿಗೆ ಈತ ಇನ್ನೂ ಅದರಡಿ ತಲೆ ತೂರಿಸಿಕೊಂಡಿರುತ್ತಿದ್ದ. ಅದಕ್ಕೇ ಗಡಿಯಾರ ರಿಪೇರಿ ಮಾಡುವ ಹೆಂಗಸೊಬ್ಬಳ ಫೈಲು ಕೊಡುವಾಗ ಮ್ಯಾನೇಜರ್ ಮೊದಲೇ ಎಚ್ಚರಿಸಿದರು.

“ಇದರಲ್ಲಿ ಕೆದಕೋದು ಏನಿಲ್ಲ. ಒಂದೇ ವರ್ಷದಲ್ಲಿ ಮೂರು ಕ್ಲೇಮು. ಹೆಚ್ಚು ಅಪಾಯದವರ ಪಟ್ಟಿಗೆ ಹಾಕಿದ್ದೀವಿ, ಇನ್ನು ಮೇಲೆ ಪ್ರೀಮಿಯಂ ಒಂದೂವರೆ ಪಟ್ಟು. ಅವರ ಸ್ವಂತ ಕಾರಿಗಾಗೋ ಪೆಟ್ಟಿಗೂ ವಿಮೆ ಮುಂದುವರಿಸಬೇಕಾ ಬೇಡವಾ, ಒಂದು ಸಾಲು ಬರೆದುಕೊಡಿ ಸಾಕು.”

ಫೈಲು ಓದುತ್ತ ಓದುತ್ತ ಅವನ ಕೈ ತಲೆ ಕೆರೆಯತೊಡಗಿತು. ಮೂರು ಬೇರೆ ರಸ್ತೆ, ಮೂರು ಬೇರೆ ಗಾಡಿ. ಮೂರೂ ಹಿಂದಿನಿಂದ ಬಂದು ಗುದ್ದಿದ್ದವು. ಒಬ್ಬ ಬೇಕರಿ ವ್ಯಾನಿನವ, ಒಬ್ಬಳು ದಂತವೈದ್ಯೆ, ಒಬ್ಬ ಟ್ಯಾಕ್ಸಿಯವ. ಮೂವರೂ ಬರೆದುಕೊಟ್ಟದ್ದು ಒಂದೇ ಮಾತು: ಮುಂದಿನ ಕಾರು ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಆಕೆಯೂ ಮೂರು ಸಲ ಒಂದೇ ಮಾತು ಬರೆದಿದ್ದಳು: ನಾನು ಎಂದೂ ಇದ್ದಕ್ಕಿದ್ದಂತೆ ಬ್ರೇಕ್ ಹಾಕುವವಳಲ್ಲ. ಯಾರದೋ ಸುಳ್ಳಿರಬೇಕು. ಆದರೆ ಮುಖ ಪರಿಚಯವೂ ಇಲ್ಲದ ಮೂವರು ಒಂದೇ ಸುಳ್ಳು ಹೇಳುವುದುಂಟೇ?

ಮರುದಿನ ಬೆಳಿಗ್ಗೆ ಅವನು ಅವಳ ಅಂಗಡಿಗೇ ಹೋದ. ಅವಳು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂ ಒಂದನ್ನು ಚಿಮಟದಲ್ಲಿ ಹಿಡಿದು ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡ ಅವಳ ಅಕ್ಕ. ಬೆನ್ನುಮೂಳೆಯ ಆಪರೇಷನ್ ಆದ ಮೇಲೆ ಅಕ್ಕನನ್ನು ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿಸುವ ಕ್ಲಿನಿಕ್ಕಿಗೆ ಕರೆದೊಯ್ಯುವುದು ತಂಗಿಯ ಕೆಲಸ. ಮೂರು ಸಲ ಗುದ್ದಿಸಿಕೊಂಡಾಗಲೂ ಅಕ್ಕ ಕಾರಿನಲ್ಲೇ ಇದ್ದಳು.

“ಇವಳು ಕಾರು ಓಡಿಸೋದು ನೋಡಿದರೆ ಆಮೆಗೂ ಬೇಜಾರಾಗಬೇಕಪ್ಪಾ,” ಎಂದಳು ಅಕ್ಕ. “ಇವಳನ್ನ ಅಪಾಯ ಅಂತೀರಲ್ಲ, ನಿಮ್ಮ ಆಫೀಸಿನವರಿಗೆ ಕಣ್ಣಿದೆಯಾ?”

ಅವನು ಮೊದಲು ಹೊರಗೆ ನಿಂತಿದ್ದ ಅವಳ ಕಾರಿನ ಹಿಂದಿನ ಬ್ರೇಕ್ ಲೈಟು ನೋಡಿದ. ಪೆಡಲು ಒತ್ತಿದ, ಉರಿಯಿತು. ಪ್ರತಿ ಸಲವೂ ಗ್ಯಾರೇಜಿನವರು ‘ಲೈಟು ಸರಿ ಇದೆ’ ಎಂದು ಬರೆದದ್ದು ಸುಳ್ಳಲ್ಲ. ಆಮೇಲೆ ಅಕ್ಕತಂಗಿಯರ ಜೊತೆ ಹಿಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗಿ ಬಂದ. ಮಡಿಲಲ್ಲಿ ತುಂಬಿದ ಲೋಟ ಇಟ್ಟಿದ್ದರೂ ಹನಿ ಚೆಲ್ಲುತ್ತಿರಲಿಲ್ಲ. ಎಲ್ಲೂ ಎಳೆ ಸಿಗಲಿಲ್ಲ.

“ನೀವು ಕ್ಲಿನಿಕ್ಕಿಗೆ ಹೊರಡಿ ಮೇಡಂ. ನಾನು ಸ್ಕೂಟರಲ್ಲಿ ಹಿಂದೆ ಬರ್ತೀನಿ.”

ಎರಡನೆಯ ತಿರುವು ದಾಟಿದ ಮೇಲೆ ಮುದುಕನೊಬ್ಬ ಕಾರಿನ ಮುಂದೆ ರಸ್ತೆಗಿಳಿದ. ಕಾರು ಸಾಗುತ್ತಲೇ ಇದೆ ಎಂದುಕೊಂಡಿದ್ದ ಸರ್ವೇಯರನಿಗೆ ಅದರ ಬಂಪರು ಮೂಗಿನ ಮುಂದೆಯೇ ಕಂಡಿತು. ಹ್ಯಾಂಡಲು ಪಕ್ಕಕ್ಕೆಳೆದ. ಸ್ಕೂಟರು ಫುಟ್‌ಪಾತಿಗೆ ಒರಗಿತು, ಮೊಣಕಾಲು ತರಚಿತು. ತಂಗಿ ಇಳಿದು ಓಡಿಬಂದಾಗ ಅವನು ರಕ್ತ ನೋಡುವುದು ಬಿಟ್ಟು ನಗುತ್ತಿದ್ದ.

“ಲೈಟು ಬರಲಿಲ್ಲ ಮೇಡಂ. ಈಗ ಒಳಗೆ ಕೂತು, ಅಕ್ಕ ಪಕ್ಕದಲ್ಲಿದ್ದಾಗ ಒತ್ತೋ ಹಾಗೇ ಒತ್ತಿ.”

ಅವಳು ಒತ್ತಿದಳು. ಲೈಟು ಸತ್ತಂತಿತ್ತು.

“ಈಗ ಜೋರಾಗಿ.”

ಲೈಟು ಉರಿಯಿತು.

ಪೆಡಲಿನ ಮೇಲ್ಗಡೆ, ಅದರ ಕಂಬಿಗೆ ತಾಗಿದಂತೆ ಹೆಬ್ಬೆರಳಿನಷ್ಟು ದೊಡ್ಡ ಸ್ವಿಚ್ಚೊಂದಿತ್ತು; ಪೆಡಲು ಇಳಿದು ಅದನ್ನು ಬಿಟ್ಟೊಡನೆ ಲೈಟು ಉರಿಯಬೇಕು. ಅದರ ನಟ್ಟು ಸಡಿಲಾಗಿ, ಸ್ವಿಚ್ಚು ಜಾರಿ ಕೆಳಗೆ ಬಂದಿತ್ತು. ಪೆಡಲು ಅರ್ಧಕ್ಕಿಂತ ಹೆಚ್ಚು ಇಳಿದರಷ್ಟೇ ಹಿಂದಿನವರಿಗೆ ಸುದ್ದಿ. ಅಕ್ಕನ ಬೆನ್ನಿಗೆ ನೋವಾಗದಿರಲೆಂದು ಅವಳು ಹೂವಿನಂತೆ ಒತ್ತಿದ್ದೇ ಮೂರು ಸಲ ಅಕ್ಕನ ಬೆನ್ನಿಗೆ ಪೆಟ್ಟು ತಂದಿತ್ತು. ನಾಲ್ವರಲ್ಲಿ ಒಬ್ಬರೂ ಸುಳ್ಳು ಹೇಳಿರಲಿಲ್ಲ.

ಸ್ಕೂಟರಿನ ಸ್ಪ್ಯಾನರು ತೆಗೆದುಕೊಂಡು ಅವಳೇ ಕಾರಿನೊಳಗೆ ಅಂಗಾತ ಮಲಗಿ ಸ್ವಿಚ್ಚನ್ನು ಸ್ವಲ್ಪಸ್ವಲ್ಪವೇ ಮೇಲಕ್ಕೆ ಸರಿಸಿ ಬಿಗಿದಳು. ಎದ್ದು ಕೈ ಒರೆಸಿಕೊಳ್ಳುವಾಗ ಮುಖ ಬಾಡಿತ್ತು.

“ಆ ಟ್ಯಾಕ್ಸಿಯವರನ್ನ ನಡುರಸ್ತೇಲಿ ಕುರುಡ ಅಂತ ಬೈದಿದ್ದೆ. ಅವರ ಕಥೆ ಏನಾಯ್ತು ಸರ್?”

“ಆ ಮೂವರಲ್ಲಿ ಅವರೊಬ್ಬರದೇ ನಮ್ಮ ಕಂಪನೀಲಿ ವಿಮೆ. ಅವರೂ ಅದೇ ಪಟ್ಟೀಲಿದ್ದಾರೆ.” ಅವನು ಮೊಣಕಾಲಿನ ರಕ್ತ ಒರೆಸಿಕೊಂಡ. “ಮೇಡಂ, ನಾನು ಇದನ್ನ ಬರೆದರೆ ತಪ್ಪು ಅವರದಲ್ಲ ಅಂತಾಗತ್ತೆ. ಕಾರು ಸರಿಯಾಗಿ ನೋಡಿಕೊಳ್ಳೋದು ಮಾಲೀಕರ ಜವಾಬ್ದಾರಿ ಅಂತ ನಿಮ್ಮ ಪ್ರೀಮಿಯಂ ಮಾತ್ರ ಒಂದೂವರೆ ಪಟ್ಟೇ ಉಳಿಯಬಹುದು.”

ಅವಳು ಅಕ್ಕನತ್ತ ನೋಡಿದಳು. ಅಕ್ಕ, “ನನ್ನನ್ನೇನು ನೋಡ್ತೀಯಾ? ಬೈದವಳು ನೀನು,” ಎಂದಳು.

“ಬರೀರಿ ಸರ್.”

ಅವನಂದಂತೆಯೇ ಆಯಿತು. ಮ್ಯಾನೇಜರ್ ಗೊಣಗುತ್ತಲೇ ಟ್ಯಾಕ್ಸಿಯವನನ್ನು ಪಟ್ಟಿಯಿಂದ ತೆಗೆದರು. ಅವಳ ಪ್ರೀಮಿಯಂ ಇಳಿಯಲಿಲ್ಲ; ದೋಷ ಸರಿಯಾಯಿತೆಂದು ಸ್ವಂತ ಕಾರಿನ ಪೆಟ್ಟಿಗಿದ್ದ ವಿಮೆ ಮಾತ್ರ ಉಳಿಯಿತು. ಪಟ್ಟಿಯಿಂದ ತೆಗೆದ ಕಾಗದ ಕೊಡಲು ಸರ್ವೇಯರ್ ಟ್ಯಾಕ್ಸಿ ಸ್ಟ್ಯಾಂಡಿಗೆ ಹೊರಟಾಗ ಅವಳೂ ಜೊತೆಗೆ ಬಂದಳು.

ಟ್ಯಾಕ್ಸಿಯವನು ಕಾಗದವನ್ನು ಎರಡು ಸಲ ಓದಿದ. ಆಮೇಲೆ ಅವಳನ್ನು ದಿಟ್ಟಿಸಿ, “ಅವತ್ತು ನೀವು ಕುರುಡ ಅಂದಿರಲ್ಲ, ನನಗೂ ಅನುಮಾನ ಬಂದು ಕಣ್ಣು ತೋರಿಸ್ಕೊಂಡು ಬಂದೆ ಕಣಮ್ಮಾ,” ಎಂದ.

“ಏನಂದರು?”

“ಕಣ್ಣು ಚೆನ್ನಾಗೇ ಇದೆಯಂತೆ. ಆದರೂ ಅವತ್ತಿಂದ ಮುಂದಿನ ಗಾಡಿಗೂ ನನಗೂ ನಡುವೆ ಒಂದು ಬಸ್ಸು ಹಿಡಿಸೋ ಅಷ್ಟು ಜಾಗ ಬಿಡ್ತೀನಿ. ಹಿಂದೆ ಇರೋರೆಲ್ಲ ಹಾರ್ನ್ ಹೊಡೀತಾರೆ.” ಅವನು ಟ್ಯಾಕ್ಸಿಯ ಬಾಗಿಲು ತೆರೆದ. “ಎಲ್ಲಿದೆ ಆ ಸ್ವಿಚ್ಚು? ನನ್ನದನ್ನೂ ಸ್ವಲ್ಪ ನೋಡಿ.”

ಅವಳು ಚೀಲದಿಂದ ಭೂತಗನ್ನಡಿ ತೆಗೆದು ಟ್ಯಾಕ್ಸಿಯೊಳಗೆ ಬಗ್ಗಿದಳು. ಸರ್ವೇಯರನೂ ಪಕ್ಕದಲ್ಲೇ ತಲೆ ತೂರಿಸಿದ.