ಅಪ್ಪನ ಹತ್ತಿರ ಹೇಳಬಹುದು

ಕ್ಷೌರದಂಗಡಿಯ ಅಣ್ಣನಿಗೆ ಮಕ್ಕಳೆಂದರೆ ಅದೇನು ತಾಳ್ಮೆ! ಬೀದಿಯ ಅಮ್ಮಂದಿರೆಲ್ಲ ಹೀಗೇ ಹೇಳುತ್ತಿದ್ದರು. ಆದರೆ ಅವನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಅವನ ನಾಲ್ಕು ವರ್ಷದ ಮಗಳು ಗುಬ್ಬಿ ಮಂಚದ ಕೆಳಗೆ ತೂರಿಕೊಳ್ಳುತ್ತಿದ್ದಳು.

ಒಂದು ದಿನ ಆರೋಗ್ಯ ಕೇಂದ್ರದ ನರ್ಸಮ್ಮ ತನ್ನ ಮಗನನ್ನು ಅಂಗಡಿಗೆ ಕರೆತಂದಳು. ಮಷೀನು ಗುರ್ ಎಂದದ್ದೇ ತಡ, ಹುಡುಗ ಕಿಟಾರನೆ ಕಿರುಚಿದ.

"ಭಯ ಆಯ್ತಾ ರಾಜಾ? ಸದ್ದು ಜೋರಲ್ವಾ? ತಗೋ, ಮೊದಲು ನನ್ನ ಕೈ ಮೇಲೆ ಓಡಿಸು," ಎಂದ ಅಣ್ಣ. ಹುಡುಗ ಓಡಿಸಿದ, ನಕ್ಕ, ತಲೆ ಬಗ್ಗಿಸಿದ.

"ನಿಮ್ಮ ಮಗಳು ಪುಣ್ಯ ಮಾಡಿದ್ದಾಳೆ ಬಿಡಿ," ಎಂದಳು ನರ್ಸಮ್ಮ.

ಅಣ್ಣನ ಮುಖ ಸಪ್ಪಗಾಯಿತು. "ಎಲ್ಲಿ ಸಿಸ್ಟರ್! ಮನೇಲಿ ಅವಳು ರಚ್ಚೆ ಹಿಡಿದ್ರೆ ನನಗೆ ತಲೆ ಕೆಡುತ್ತೆ. ಕೂಗಾಡ್ತೀನಿ, ಒಂದೇಟು ಹಾಕ್ತೀನಿ. ನಮ್ಮಪ್ಪನೂ ಹೊಡೆದೇ ಬೆಳೆಸಿದ್ದು. ನಾನೇನು ಕೆಟ್ಟೋದ್ನಾ?"

"ಕೆಟ್ಟಿಲ್ಲ. ಚಿಕ್ಕೋರಿದ್ದಾಗ ಏನಾದ್ರೂ ತಪ್ಪಾದ್ರೆ ಅಪ್ಪನ ಹತ್ರ ಹೇಳ್ತಿದ್ರಾ?"

"ಹೇಳೋದಾ? ಮುಚ್ಚಿಡ್ತಿದ್ದೆ!"

"ನೋಡಿ ಮತ್ತೆ. ಏಟಿಗೆ ಮಗು ಸುಮ್ಮನಾಗುತ್ತೆ ಅಣ್ಣ, ಆದ್ರೆ ಕಲಿಯೋದು ಭಯ ಮಾತ್ರ. ಈಗ ನನ್ನ ಮಗನಿಗೆ ಮಾಡಿದ್ರಲ್ಲ, ಮನೇಲೂ ಅದನ್ನೇ ಮಾಡಿ. ಮೊದಲು ನೀವು ಉಸಿರು ತಗೊಳ್ಳಿ. ಅವಳ ಎತ್ತರಕ್ಕೆ ಕೂತ್ಕೊಳ್ಳಿ. ಅವಳಿಗೆ ಸಿಟ್ಟೋ, ದುಃಖವೋ, ಬಾಯಿಬಿಟ್ಟು ಕೇಳಿ."

"ಹಾಗೆ ಮುದ್ದು ಮಾಡಿದ್ರೆ ತಲೆ ಮೇಲೆ ಕೂರಲ್ವಾ?"

"ಕೇಳಿದ್ದೆಲ್ಲ ಕೊಡಿ ಅಂದೆನಾ? ಬೇಡ ಅನ್ನೋದನ್ನ ಬೇಡ ಅಂತಲೇ ಹೇಳಿ. ಕೂಗದೆ ಹೇಳಿ."

ಅಂದು ಸಂಜೆ ಗುಬ್ಬಿ ಊಟದ ತಟ್ಟೆ ಎಸೆದಳು. ಅಣ್ಣನ ಕೈ ಮೇಲೆದ್ದಿತು. ಮಗು ತಟ್ಟನೆ ಮುಖ ಮುಚ್ಚಿಕೊಂಡಿತು. ಅದನ್ನು ಕಂಡು ಅವನು ಒಮ್ಮೆ ಉಸಿರೆಳೆದುಕೊಂಡ. ಕೈ ಇಳಿಸಿ, ನೆಲದ ಮೇಲೆ ಕುಕ್ಕರಿಸಿದ.

"ಆಟ ಬಿಡಿಸಿ ಊಟಕ್ಕೆ ಕರೆದ್ರು ಅಂತ ಸಿಟ್ಟು ಬಂತಾ?"

"ಬಂತು!"

"ಸಿಟ್ಟು ಬರ್ಲಿ. ತಟ್ಟೆ ಎಸೆಯೋ ಹಾಗಿಲ್ಲ. ಬಾ, ಇಬ್ರೂ ಸೇರಿ ಒರೆಸೋಣ."

ಮಂತ್ರ ಹಾಕಿದ ಹಾಗೇನೂ ಆಗಲಿಲ್ಲ. ಗುಬ್ಬಿ ಬಹಳ ಹೊತ್ತು ಅತ್ತಳು; ಅವನು ಪಕ್ಕದಲ್ಲೇ ಕೂತಿದ್ದ. ಮುಂದೆಯೂ ಕೆಲವು ಸಲ ಕೂಗಾಡಿದ. ಆಮೇಲೆ ಅವನೇ, "ಕೂಗಬಾರ್ದಿತ್ತು, ತಪ್ಪಾಯ್ತು ಮಗಳೇ," ಎಂದ.

ಕೆಲವು ತಿಂಗಳು ಕಳೆದವು. ಒಂದು ಮಧ್ಯಾಹ್ನ ಗುಬ್ಬಿ ಅಮ್ಮನ ಕೈ ಎಳೆದುಕೊಂಡು ಅಂಗಡಿಗೇ ಬಂದಳು. ಮುಂದಲೆಯ ಕೂದಲು ಇಲಿ ಕಡಿದಂತೆ ಅರ್ಧಂಬರ್ಧ ಕತ್ತರಿಸಿಹೋಗಿತ್ತು.

"ನನ್ನ ಹತ್ರ ಬಾಯೇ ಬಿಡ್ತಿಲ್ಲ. ಅಪ್ಪನಿಗೇ ಹೇಳ್ಬೇಕಂತೆ," ಎಂದಳು ಹೆಂಡತಿ.

"ಅಪ್ಪಾ, ನಾನೇ ಕತ್ತರಿ ತಗೊಂಡೆ."

ಅಣ್ಣ ಉಸಿರೆಳೆದುಕೊಂಡು ಅವಳ ಹಣೆ, ಕಿವಿ, ಬೆರಳು ನೋಡಿದ. ಗಾಯವಿರಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಆದ್ರೆ ಇನ್ಮೇಲೆ ಕತ್ತರಿ ಮುಟ್ಟೋ ಹಾಗಿಲ್ಲ, ತಿಳೀತಾ?" ಎಂದ. ಅವಳನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಉಳಿದ ಕೂದಲನ್ನು ಸಮ ಮಾಡತೊಡಗಿದ.

ಅಪ್ಪಂದಿರೇ, ಅಮ್ಮಂದಿರೇ, ಇವತ್ತು ಮಗು ರಚ್ಚೆ ಹಿಡಿದರೆ ಕೈ ಎತ್ತುವ ಮೊದಲು ಒಮ್ಮೆ ಉಸಿರೆಳೆದುಕೊಳ್ಳಿ. ಕೆಳಗೆ ಕೂತು ಅದರ ಮಾತು ಕೇಳಿ. ನಾಳೆ ದೊಡ್ಡ ಕಷ್ಟ ಬಂದಾಗ ಅದು ಓಡಿ ಬರಬೇಕಾದದ್ದು ನಿಮ್ಮ ಹತ್ತಿರಕ್ಕೇ.