ಅಚ್ಚಾಗಿ ಬಂದ ಮೇಷ್ಟ್ರು

ಅಂತ್ಯಕ್ರಿಯೆಯ ಶಾಮಿಯಾನದಲ್ಲಿ ಮುಂದಿನ ಸಾಲಿಗೆ ಹಾಳೆ ಹಂಚುತ್ತಿದ್ದ ಮ್ವಿಕಾಲಿಯ ಕೈ ನಾಲ್ಕನೆಯ ಕುರ್ಚಿಯ ಹತ್ತಿರ ನಿಂತುಹೋಯಿತು. ಹಂಚುತ್ತಲೇ ಒಂದು ಕಣ್ಣು ಅಕ್ಷರದ ಮೇಲೆ ಇಟ್ಟಿದ್ದಳು. ತೀರಿಕೊಂಡ ಕಿಮಾಂತಿ ಮೇಷ್ಟ್ರ ಭಾವಚಿತ್ರದ ಕೆಳಗೆ ಹುಟ್ಟಿದ ವರ್ಷ, ಅಪ್ಪ ಅಮ್ಮನ ಹೆಸರು, ಕಲಿಸಿದ ಹೈಸ್ಕೂಲು ಎಲ್ಲ ಸರಿಯಾಗಿತ್ತು. ಆಮೇಲೆ ಹೀಗಿತ್ತು: 'ಚರ್ಚಿನ ಗಾಯನ ತಂಡದಲ್ಲಿ ಇವರ ಇಂಪಾದ ಕಂಠ ಮೂವತ್ತು ವರ್ಷ ಎಲ್ಲರ ಮನ ತಣಿಸಿತು. ಸದಾ ನಗುಮೊಗದ ಇವರು ಯಾರನ್ನೂ ಎಂದೂ ಗದರಿದವರಲ್ಲ.'

ಮ್ವಿಕಾಲಿ ಹೋಗಿ ಮೇಷ್ಟ್ರ ಹೆಂಡತಿಯ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತಳು. "ಕತೂಂಗೆ ಅಮ್ಮಾ, ಇದನ್ನ ನೋಡಿದ್ರಾ?"

ಮುದುಕಿ ಕನ್ನಡಕ ಏರಿಸಿ ಓದಿದರು. ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ಹಿಂದೆ ಕೂತವರು ಬೆನ್ನು ಸವರಿದರು.

"ನಲವತ್ತೊಂದು ವರ್ಷ ಸಂಸಾರ ಮಾಡಿದೆ ಕಣೇ. ಆ ಮನುಷ್ಯ ಬಾಯಿ ತೆಗೆದು ಹಾಡಿದ್ರೆ ಕೋಳಿ ಗೂಡು ಸೇರ್ಕೊಳ್ಳೋವು!"

"ಇನ್ಯಾರದೋ ಹಾಳೆ ಅಮ್ಮಾ ಇದು. ಮೇಲಿನ ನಾಲ್ಕು ಸಾಲು ಮಾತ್ರ ಬದಲಾಯಿಸಿದ್ದಾರೆ."

"ಮೆಲ್ಲಗೆ ಮಾತಾಡು. ಭಾವ ಮಾಡಿಸ್ಕೊಂಡು ಬಂದಿದ್ದು." ಕತೂಂಗೆ ಶಾಮಿಯಾನದ ಕಂಬದ ಕಡೆ ಕಣ್ಣು ಹೊರಳಿಸಿದರು. ಅಲ್ಲಿ ಮೇಷ್ಟ್ರ ಅಣ್ಣ ಮುಸ್ಯೀಮಿ, ಯಾರದೋ ಕೋಟು ತೊಟ್ಟು, ಬಂದವರಿಗೆಲ್ಲ ಕುರ್ಚಿ ತೋರಿಸುತ್ತಿದ್ದರು. "ಮಚಾಕೋಸ್ ಪೇಟೆಗೆ ಹೋಗಿ ಟೈಪಿಂಗ್ ಅಂಗಡೀಲಿ ಅರ್ಧ ದಿನ ಕೂತಿದ್ರಂತೆ. ಹುಡುಗಿ ಏನು ಕೇಳಿದ್ರೂ 'ಒಳ್ಳೆಯವನು ಕಣಮ್ಮ, ಒಳ್ಳೆಯವನು' ಅಂದ್ರಂತೆ. ಉಳಿದಿದ್ದು ಅವಳೇ ತುಂಬಿಸಿದ್ದಾಳೆ. ಇವರಿಗೆ ಓದೋಕೆ ಬರಲ್ಲ, ಹೇಳ್ಕೊಳ್ಳೋಕೆ ನಾಚಿಕೆ."

"ಈಗ ಎಲ್ಲರ ಮುಂದೆ ಓದಬೇಕಾದವಳು ನಾನು. ಏನು ಓದ್ಲಿ?"

"ಇದನ್ನ ಓದಿದ್ರೆ ಬೇರೆ ಯಾರನ್ನೋ ಹೂತಂಗಾಗುತ್ತೆ. ಓದದೇ ಇದ್ರೆ ಭಾವ ಊರಲ್ಲಿ ತಲೆ ಎತ್ತಂಗಿಲ್ಲ. ನೀನೇ ನೋಡು ತಾಯಿ."

ಅಷ್ಟರಲ್ಲಿ ಮುಸ್ಯೀಮಿಯೇ ಊರುಗೋಲು ಊರಿಕೊಂಡು ಬಂದರು. "ಚೆನ್ನಾಗಿ ಬಂದಿದೆಯಾ ಮಗಳೇ? ಒಂದಕ್ಷರ ಬಿಡದಂಗೆ ಓದು ಮತ್ತೆ. ಮುನ್ನೂರು ಹಾಳೆ ಅಚ್ಚು ಹಾಕ್ಸಿದೀನಿ." ಅವಳ ಕೈಯಲ್ಲಿದ್ದ ಹಾಳೆಯ ಮಡಿಕೆಯನ್ನು ಹೆಬ್ಬೆರಳಿನಿಂದ ತೀಡಿ ನೇರ ಮಾಡಿದರು.

"ಹ್ಞೂಂ ದೊಡ್ಡಪ್ಪ," ಎಂದಳು ಮ್ವಿಕಾಲಿ.

*

ಅವಳು ಹೈಸ್ಕೂಲಿನ ಎರಡನೆಯ ವರ್ಷದಲ್ಲಿದ್ದಾಗ ಮೇಷ್ಟ್ರು 'ಮರೆಯಲಾಗದ ದಿನ' ಎಂಬ ಪ್ರಬಂಧ ಬರೆಸಿದ್ದರು. ಮರುದಿನ ನಲವತ್ತೆರಡು ಪುಸ್ತಕಗಳನ್ನೂ ಮೇಜಿನ ಮೇಲೆ ಕುಕ್ಕಿದರು.

"ಬಂಗಾರದ ಸೂರ್ಯನು ಗುಡ್ಡದ ಹಿಂದಿನಿಂದ ನಸುನಗುತ್ತ ಇಣುಕಿದನು. ನಲವತ್ತೆರಡು ಪುಸ್ತಕದಲ್ಲೂ ಇಣುಕಿದ್ದಾನೆ! ಏನ್ರೋ, ಅವನಿಗೆ ಕತ್ತು ನೋಯಲ್ವಾ?"

ಆ ಸಾಲು ಬರೆದರೆ ಅಂಕ ಬರುತ್ತದೆಂದು ಚಿಕ್ಕ ಶಾಲೆಯಲ್ಲೇ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದರು. ಮೇಷ್ಟ್ರು ಮ್ವಿಕಾಲಿಯನ್ನು ಎಬ್ಬಿಸಿ ನಿಲ್ಲಿಸಿದರು.

"ಬರಿಯೋದು ಆಮೇಲೆ. ಬಾಯಲ್ಲಿ ಹೇಳು. ಆ ದಿನ ನೀನು ಎಲ್ಲಿ ನಿಂತಿದ್ದೆ?"

"ನಲ್ಲಿ ಮುಂದೆ ಸಾಲಲ್ಲಿ, ಸಾರ್. ಅಮ್ಮನಿಗೆ ನೋವು ಶುರುವಾಯ್ತು ಅಂತ ತಮ್ಮ ಕರೆಯೋಕೆ ಬಂದ." ಅವಳ ದನಿ ಇಳಿಯಿತು. "ನಾನು ಹೋಗ್ಲಿಲ್ಲ. ನಮ್ಮ ಮುಂದೆ ಇನ್ನು ಮೂರೇ ಡಬ್ಬ ಇದ್ವು. ಹೋದ್ರೆ ಸಾಲು ತಪ್ಪುತ್ತೆ, ನೀರಿಲ್ಲದೆ ಮಗು ತೊಳೆಯೋದು ಹೆಂಗೆ ಅಂತ..."

ಮೇಷ್ಟ್ರು ಕಿಟಕಿಯ ಕಡೆ ತಿರುಗಿ, ಸೀಮೆಸುಣ್ಣ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಆ ಮೂರು ಡಬ್ಬದಿಂದ ಶುರು ಮಾಡು," ಎಂದರು. "ಸೂರ್ಯ ಅವನ ಪಾಡಿಗೆ ಅವನು ಹುಟ್ಕೊಳ್ಲಿ."

*

ಪಾದ್ರಿಗಳು ಹೆಸರು ಕರೆದರು. ಈಗ ಅದೇ ಶಾಲೆಯಲ್ಲಿ ಪ್ರಬಂಧ ಕಲಿಸುವ ಮ್ವಿಕಾಲಿ ಎದ್ದು ಮೈಕಿನ ಮುಂದೆ ಹೋದಳು. ವರ್ಷ ಓದಿದಳು, ಅಪ್ಪ ಅಮ್ಮನ ಹೆಸರು ಓದಿದಳು, ಶಾಲೆಯ ಹೆಸರು ಓದಿದಳು. ಹಾಳೆಯಲ್ಲಿ ಅವಳಿಗಿಂತ ಮುಂದೆ ಓದಿಕೊಂಡಿದ್ದ ಹಳೆಯ ವಿದ್ಯಾರ್ಥಿಗಳು ಆಗಲೇ ಮೊಣಕೈ ತಿವಿದುಕೊಳ್ಳುತ್ತಿದ್ದರು. ಮುಸ್ಯೀಮಿ ಮಾತ್ರ ಕತ್ತು ಮುಂದೆ ಚಾಚಿ, ಮುಂದಿನ ಸಾಲಿಗಾಗಿ ಕಾಯುತ್ತಿದ್ದರು.

ಮ್ವಿಕಾಲಿ ಹಾಳೆಯನ್ನು ಮಡಚಿದಳು.

"ಮಿಕ್ಕಿದ್ದು ನಿಮ್ಮೆಲ್ಲರ ಕೈಲಿದೆ. ಆದರೆ ಮೇಷ್ಟ್ರು ಮೊದಲು ಬಾಯಲ್ಲಿ ಹೇಳಿಸದೆ ನಮಗೆ ಬರಿಯೋಕೆ ಬಿಡ್ತಿರಲಿಲ್ಲ. ಅವರನ್ನ ನಮ್ಮೆಲ್ಲರಿಗಿಂತ ಮೊದಲು ನೋಡಿದವರು ಇಲ್ಲೇ ಇದ್ದಾರೆ. ದೊಡ್ಡಪ್ಪ, ಮೇಷ್ಟ್ರು ಶಾಲೆಗೆ ಹೋದ ಮೊದಲ ದಿನ ನೀವು ಎಲ್ಲಿ ನಿಂತಿದ್ರಿ?"

ಮುಸ್ಯೀಮಿ ಗಲಿಬಿಲಿಗೊಂಡರು. "ಎಲ್ಲಿ ನಿಂತಿರ್ತೀನಿ? ಮೇಕೆ ಹಿಂದೆ."

ಜನ ನಕ್ಕರು. ಆ ನಗುವಿನಿಂದ ಧೈರ್ಯ ಬಂದವರಂತೆ ಅವರು ಎದ್ದು ಶವಪೆಟ್ಟಿಗೆಯ ಮುಂದೆ ಬಂದು ನಿಂತರು.

"ಇಬ್ಬರಲ್ಲಿ ಒಬ್ಬ ಹೋಗಬೇಕಿತ್ತು. ಅಪ್ಪ ಚಿಕ್ಕವನನ್ನ ಕಳಿಸಿದ. ನಾನು ಒಣಗಿದ ಹೊಳೇಲಿ ಮೇಕೆ ಬಿಟ್ಟು ಮುಖ ಊದಿಸ್ಕೊಂಡು ಕೂತಿದ್ದೆ. ಸಾಯಂಕಾಲ ಈ ಪುಣ್ಯಾತ್ಮ ಮನೆಗೂ ಹೋಗದೆ ನೇರ ಅಲ್ಲಿಗೇ ಬಂದ. ಕಲಿತಿದ್ದನ್ನ ಮರಳಲ್ಲಿ ಗೀಚಿ ತೋರಿಸ್ದ. ಮೇಕೆ ತುಳಿದ್ವು. ಮತ್ತೆ ಗೀಚಿದ. ಮತ್ತೆ ತುಳಿದ್ವು. 'ಎದ್ದು ಮೇಕೆ ಅಟ್ಟಯ್ಯ' ಅಂತ ನನ್ನನ್ನೇ ಗದರಿದ! ಅಣ್ಣ ಅನ್ನೋ ಮರ್ಯಾದೆ ಬೇಡ್ವಾ?" ಅವರು ಪೆಟ್ಟಿಗೆಯ ಕಡೆ ಊರುಗೋಲು ತೋರಿಸಿದರು. "ನಾಲ್ಕು ದಿನ ಬಂದ. ಆಮೇಲೆ ಅಪ್ಪ ನನ್ನನ್ನ ಗುಡ್ಡದ ಆಚೆ ಮೇಯಿಸೋಕೆ ಕಳಿಸಿಬಿಟ್ಟ."

"ಎಷ್ಟು ಕಲಿತ್ರಿ ತಾತಾ?" ಹಿಂದಿನಿಂದ ಯಾರೋ ಕೂಗಿದರು.

"ನಾಲ್ಕಕ್ಷರ."

ಕೇಳುವವರಿಗೆ ತೋರಿಸಿಯೇ ಬಿಡುತ್ತೇನೆ ಎನ್ನುವಂತೆ ಮುಸ್ಯೀಮಿ ಬಗ್ಗಿದರು. ನಾಲಿಗೆ ಕಚ್ಚಿಕೊಂಡು, ಊರುಗೋಲಿನ ತುದಿಯಿಂದ ಕೆಂಪು ಧೂಳಿನಲ್ಲಿ ಒಂದೊಂದೇ ಅಕ್ಷರ ಎಳೆದರು. ಹಿಂದಿನ ಸಾಲುಗಳು ಎದ್ದು ನಿಂತವು. ಕತೂಂಗೆ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಮೂರನೆಯ ಅಕ್ಷರ ತಿರುವುಮುರುವಾಗಿತ್ತು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಮೇಷ್ಟ್ರುಗಳು, ಯಾರೂ ತಿದ್ದಲಿಲ್ಲ.

ಪಾದ್ರಿಗಳು ಸನ್ನೆ ಮಾಡಿದರು. ಆರು ಜನ ಪೆಟ್ಟಿಗೆ ಎತ್ತಿದರು. ಹೂಳುವ ಗುಂಡಿಗೆ ಹೋಗುವ ದಾರಿ ನೇರ ಆ ಅಕ್ಷರಗಳ ಮೇಲೆಯೇ ಇತ್ತು. ಮುಂದಿದ್ದವನು ಕೆಳಗೆ ನೋಡಿ ನಿಂತ, ಹಿಂದಿನವರಿಗೆ ಏನೋ ಹೇಳಿದ. ಪೆಟ್ಟಿಗೆ ಸ್ವಲ್ಪ ವಾಲಿತು. ಕುರ್ಚಿಗಳನ್ನು ಕಾಲಿನಿಂದ ಬದಿಗೆ ಸರಿಸುತ್ತ, ಅವರು ಶಾಮಿಯಾನದ ಅಂಚಿನಲ್ಲಿ ಸುತ್ತಿಕೊಂಡು ಹೋದರು.